ಒಂದೇ ಕಾಲು ಯಾಕೆ ತಣ್ಣಗಿದೆ?

ನಮ್ಮ ಕಡೆಯ ಚಳಿಯನ್ನು ಹೊರಗಿನವರು ಅಷ್ಟಾಗಿ ನಂಬುವುದಿಲ್ಲ. ವಿಜಯಪುರ, ಬಾಗಲಕೋಟೆ ಅಂದರೆ ಬಿಸಿಲು ಅಂತಲೇ ಎಲ್ಲರ ತಲೆಯಲ್ಲಿ ಕೂತಿದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಚಳಿ ಎಷ್ಟಿದ್ದೀತು ಅಂತ ಬೆಂಗಳೂರಿನ ಗೆಳತಿಯರು ಕೇಳುತ್ತಾರೆ. ಅವರು ಡಿಸೆಂಬರ್ ಕೊನೆಗೆ ಒಮ್ಮೆ ಬಂದು ನೋಡಬೇಕು. ಆಗ ಆಕಾಶದಲ್ಲಿ ಒಂದು ತುಂಡು ಮೋಡ ಇರುವುದಿಲ್ಲ. ಗಾಳಿಯಲ್ಲಿ ತೇವ ಇರುವುದಿಲ್ಲ. ಹಗಲೆಲ್ಲ ಕಾದ ಎರೆ ಮಣ್ಣು ಹೊತ್ತು ಮುಳುಗಿದ ಮೇಲೆ ತನ್ನ ಶಾಖವನ್ನೆಲ್ಲ ಬಿಟ್ಟುಕೊಡುತ್ತದೆ. ಮಧ್ಯಾಹ್ನ ಅಂಗಿ ಒದ್ದೆಯಾಗುವಷ್ಟು ಬೆವರು ಬರುತ್ತದೆ, ಅದೇ ದಿನ ಬೆಳಗಿನ ಜಾವ 10 ಡಿಗ್ರಿಯ ಹತ್ತಿರ ಇಳಿದಿರುತ್ತದೆ. ಕೆಲವು ದಿನ ಅದಕ್ಕಿಂತ ಕೆಳಗೂ ಹೋಗುತ್ತದೆ. ಬೆಳಗಾವಿ ಸುಮಾರು 750 ಮೀಟರ್ ಎತ್ತರದಲ್ಲಿದೆ, ಅಲ್ಲಿ ಇದರ ಜೊತೆ ಗಾಳಿಯ ಕಾಟ ಬೇರೆ.

ಆದರೂ ನಾವು ಚಳಿಗೆ ಅಂತ ಏನನ್ನೂ ಮಾಡಿಕೊಂಡಿಲ್ಲ. ನಮ್ಮ ಮನೆ, ನಮ್ಮ ಉಡುಪು, ನಮ್ಮ ಅಭ್ಯಾಸ ಎಲ್ಲವೂ ಬೇಸಿಗೆಯನ್ನೇ ನೆನೆಸಿಕೊಂಡು ಆದದ್ದು. ಮಣ್ಣಿನ ಮಾಳಿಗೆ ಮನೆ ಚಳಿಯಲ್ಲಿ ಬೆಚ್ಚಗಿರುತ್ತಿತ್ತು, ಅದು ಬೇರೆ ಮಾತು. ಈಗಿನ ಮನೆಗಳಲ್ಲಿ ಪರಸಿ ಅಥವಾ ಟೈಲ್ಸ್ ನೆಲ. ಚಪ್ಪಲಿ ಹೊರಗೆ ಬಿಡುತ್ತೇವೆ. ಮೈಗೆ ಸ್ವೆಟರ್, ತಲೆಗೆ ಟವೆಲ್, ಹೊದೆಯಲು ಕೌದಿ, ಇಷ್ಟೆಲ್ಲ ಇರುತ್ತದೆ. ಕಾಲಿಗೆ ಮಾತ್ರ ಏನೂ ಇರುವುದಿಲ್ಲ. ಕಾಲುಚೀಲ ಅನ್ನುವುದು ಸಾಲಿಗೆ ಹೋಗುವ ಹುಡುಗರದು ಅಥವಾ ಆಫೀಸಿನವರದು. ಹೊಲದಲ್ಲಿ ದುಡಿಯುವ 60ರ ಅಜ್ಜ ಕಾಲುಚೀಲ ಹಾಕಿದ್ದನ್ನು ನಾನು ನಮ್ಮ ಊರಲ್ಲಿ ನೋಡಿದ್ದೇ ಇಲ್ಲ.

ಹಾಗಾಗಿ ಚಳಿಗಾಲ ಬಂತೆಂದರೆ ಕಾಲಿನ ದೂರು ಶುರುವಾಗುತ್ತದೆ. ಜೋಮು ಹಿಡಿಯಿತು, ಮರಗಟ್ಟಿತು, ಬೆರಳು ಕಡಿಯುತ್ತಿವೆ, ಹಿಮ್ಮಡಿ ಒಡೆಯಿತು ಅಂತ ಮನೆಮನೆಯಲ್ಲೂ ಕೇಳಿಸುತ್ತದೆ. ಎಲ್ಲದಕ್ಕೂ ಉತ್ತರ ಒಂದೇ. ಥಂಡಿ. ಈ ಉತ್ತರ ಹೆಚ್ಚು ಸಲ ಸರಿಯೇ ಇರುತ್ತದೆ. ಅದು ತಪ್ಪಾಗಿದ್ದಾಗ ಎಷ್ಟು ತಡವಾಗುತ್ತದೆ ಅನ್ನುವುದನ್ನು ನಮ್ಮ ಮನೆಯಲ್ಲಿ ಕಂಡೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಸಹಜವಾಗಿ ಆಗುವುದು ಏನು ಅಂತ ನೋಡೋಣ. ಹೃದಯ, ಮಿದುಳು ಇರುವ ಕಡೆ ಶಾಖ 37 ಡಿಗ್ರಿಯ ಸುತ್ತ ನಿಲ್ಲಬೇಕು. ದೇಹ ಇದರಲ್ಲಿ ರಾಜಿ ಮಾಡಿಕೊಳ್ಳುವುದಿಲ್ಲ. ಚರ್ಮಕ್ಕೆ ಥಂಡಿ ತಾಗಿದ ಕೂಡಲೇ ನರಗಳ ತುದಿಯಲ್ಲಿ ನಾರ್‌ಅಡ್ರಿನಲಿನ್ ಅನ್ನುವ ವಸ್ತು ಬಿಡುಗಡೆ ಆಗುತ್ತದೆ. ಚರ್ಮದ ಕೆಳಗಿನ ಸಣ್ಣ ರಕ್ತನಾಳಗಳು ಬಿಗಿದುಕೊಳ್ಳುತ್ತವೆ. ಕೈಕಾಲಿನ ಬೆರಳು, ಅಂಗೈ, ಅಂಗಾಲುಗಳಲ್ಲಿ ಇನ್ನೊಂದು ಬಗೆಯ ನಾಳಗಳಿವೆ. ಅವು ಹೃದಯದಿಂದ ರಕ್ತ ತರುವ ಅಪಧಮನಿಯನ್ನು ನೇರವಾಗಿ ರಕ್ತ ಮರಳಿ ಒಯ್ಯುವ ಅಭಿಧಮನಿಗೆ ಜೋಡಿಸುತ್ತವೆ. ಸೆಕೆಯಲ್ಲಿ ಪೂರ್ತಿ ತೆರೆದುಕೊಂಡು ಶಾಖ ಹೊರಹಾಕುವುದು ಅವುಗಳ ಕೆಲಸ. ಚಳಿಯಲ್ಲಿ ಮೊದಲು ಮುಚ್ಚಿಕೊಳ್ಳುವುದೂ ಅವೇ.

ಪಾದದಲ್ಲಿ ಎಲುಬು, ನರ, ಚರ್ಮವೇ ಜಾಸ್ತಿ. ಸ್ನಾಯು ಕಡಿಮೆ. ಹಾಗಾಗಿ ಪಾದಕ್ಕೆ ಸ್ವಂತವಾಗಿ ಶಾಖ ಹುಟ್ಟಿಸುವ ಶಕ್ತಿ ಕಡಿಮೆ, ರಕ್ತ ತಂದುಕೊಟ್ಟದ್ದೇ ಅದಕ್ಕೆ ಶಾಖ. ಅದರ ಮೇಲೆ ಪಾದ ಹೃದಯದಿಂದ ಎಲ್ಲಕ್ಕಿಂತ ದೂರ. ಕಾಲುವೆಯ ಕೊನೆಯ ಹೊಲದ ರೈತನನ್ನು ಕೇಳಿದರೆ ಪಾದದ ಕಷ್ಟ ಏನು ಅಂತ ಸರಿಯಾಗಿ ಹೇಳುತ್ತಾನೆ. ಮೇಲೆ ತೂಬು ಸ್ವಲ್ಪ ಇಳಿಸಿದರೂ ಸಾಕು, ನೀರು ಮೊದಲು ನಿಲ್ಲುವುದು ಅವನ ಹೊಲಕ್ಕೇ.

ಆರೋಗ್ಯವಂತರಲ್ಲಿ ಇದಕ್ಕೊಂದು ರಕ್ಷಣೆಯೂ ಇದೆ. ಲಂಡನ್ನಿನ ವೈದ್ಯ ಥಾಮಸ್ ಲೂಯಿಸ್ 1930ರಲ್ಲಿ ಅದನ್ನು ಬರೆದಿಟ್ಟರು. ಬೆರಳನ್ನು ತುಂಬಾ ತಣ್ಣನೆಯ ನೀರಿನಲ್ಲಿ ಇಟ್ಟರೆ ನಾಳಗಳು ಮೊದಲು ಬಿಗಿಯುತ್ತವೆ. ಕೆಲವು ನಿಮಿಷ ಬಿಟ್ಟು ತಾವಾಗಿಯೇ ತೆರೆದು ಬಿಸಿ ರಕ್ತ ಬಿಡುತ್ತವೆ. ಮತ್ತೆ ಬಿಗಿಯುತ್ತವೆ, ಮತ್ತೆ ತೆರೆಯುತ್ತವೆ. ಬೆರಳು ಸತ್ತುಹೋಗದಂತೆ ದೇಹ ಹೀಗೆ ಕಾಯುತ್ತದೆ. ಇದನ್ನು ಓದಿದಾಗ ನನಗೆ ದೇಹದ ಮೇಲೆ ತುಂಬಾ ಪ್ರೀತಿ ಬಂತು. ಯಾರೂ ಹೇಳದೆ, ಕೇಳದೆ ಒಳಗೆ ಇಷ್ಟೊಂದು ಲೆಕ್ಕಾಚಾರ ನಡೆಯುತ್ತಿದೆ ಅಲ್ವಾ?

ಅಂದರೆ ಚಳಿಯಲ್ಲಿ ಕಾಲು ತಣ್ಣಗಾಗುವುದು ರೋಗವಲ್ಲ. ಎರಡೂ ಕಾಲು ಒಂದೇ ಸಮ ತಣ್ಣಗಾಗಿ, ಕೌದಿ ಹೊದ್ದು ಸ್ವಲ್ಪ ಹೊತ್ತಿಗೆ ಬೆಚ್ಚಗಾದರೆ ಚಿಂತೆ ಬೇಡ.

ನಮ್ಮ ಕಾಕಾನ ಕಾಲು ಹಾಗಿರಲಿಲ್ಲ.

ನನ್ನ ತವರು ಜಮಖಂಡಿ ತಾಲೂಕಿನಲ್ಲಿ, ಕೃಷ್ಣಾ ಹೊಳೆಯ ದಂಡೆಯ ಒಂದು ಊರು. ಸುತ್ತ ಎಲ್ಲಿ ನೋಡಿದರೂ ಕಬ್ಬು. ಕಬ್ಬು ಅಂದರೆ ನೀರು, ನೀರು ಅಂದರೆ ಕರೆಂಟು. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ಪಾಳಿಯ ಮೇಲೆ ಬರುತ್ತದೆ. ಒಂದು ವಾರ ಹಗಲು ಇದ್ದರೆ ಇನ್ನೊಂದು ವಾರ ರಾತ್ರಿ. ರಾತ್ರಿ ಪಾಳಿ ಬಂದಾಗ ಸಲಿಕೆ, ಬ್ಯಾಟರಿ ಹಿಡಿದುಕೊಂಡು ಹೊಲಕ್ಕೆ ಹೋಗಬೇಕು. ಒಂದು ಸಾಲು ತುಂಬಿದ ಮೇಲೆ ಮಣ್ಣು ಕಡಿದು ಮುಂದಿನ ಸಾಲಿಗೆ ನೀರು ತಿರುಗಿಸಬೇಕು. ಇದು ನಿಂತು ಮಾಡುವ ಕೆಲಸ, ಅದೂ ಬರಿಗಾಲಲ್ಲಿ. ಎರೆ ಮಣ್ಣಿನ ಕೆಸರಲ್ಲಿ ಗಮ್ ಬೂಟು ಹಾಕಿದರೆ ಬೂಟು ಅಲ್ಲೇ ಉಳಿಯುತ್ತದೆ, ಕಾಲು ಮಾತ್ರ ಮೇಲೆ ಬರುತ್ತದೆ.

ಬೋರಿನ ನೀರು ಚಳಿಗಾಲದಲ್ಲಿ ಬೆಚ್ಚಗಿರುತ್ತದೆ, ಪೈಪಿನ ಬಾಯಲ್ಲಿ ಹಬೆ ಏಳುವುದು ಕಾಣುತ್ತದೆ. ಭೂಮಿಯ ಆಳದಲ್ಲಿ ಚಳಿ-ಸೆಕೆ ಎರಡೂ ತಾಗುವುದಿಲ್ಲವಲ್ಲ, ಅದಕ್ಕೆ. ಅದೇ ನೀರು ಉದ್ದದ ಸಾಲಿನಲ್ಲಿ ಹರಿದು ಕೊನೆಗೆ ಹೋಗುವಷ್ಟರಲ್ಲಿ ತಣ್ಣಗಾಗಿರುತ್ತದೆ. ಹೊಳೆಯಿಂದ ಎತ್ತಿದ ನೀರಾದರೆ ಮೊದಲಿಂದಲೇ ತಣ್ಣಗೆ. ನೀರು ಗಾಳಿಗಿಂತ ಸುಮಾರು 24 ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ. ಹಾಗಾಗಿ ಗಾಳಿಯಲ್ಲಿ ತಡೆದುಕೊಳ್ಳಬಹುದಾದ ಚಳಿ ನೀರಿನಲ್ಲಿ ಬಲು ಬೇಗ ಕಾಲಿನ ಶಾಖ ಕಿತ್ತುಕೊಳ್ಳುತ್ತದೆ. ಮೊದಲ ಮಹಾಯುದ್ಧದಲ್ಲಿ ಕಂದಕದ ನೀರಿನಲ್ಲಿ ದಿನಗಟ್ಟಲೆ ನಿಂತ ಸೈನಿಕರ ಪಾದಗಳು ಕೊಳೆತದ್ದು ಹೀಗೇ. ಅಲ್ಲಿ ನೀರು ಹೆಪ್ಪುಗಟ್ಟಿರಲೇಬೇಕು ಅಂತೇನೂ ಇರಲಿಲ್ಲ. ತಣ್ಣಗಿದ್ದು, ಬಹಳ ಹೊತ್ತು ಒದ್ದೆಯಾಗಿದ್ದು, ಅಲುಗಾಡದೆ ನಿಂತಿದ್ದರೆ ಸಾಕಾಗಿತ್ತು. ನಮ್ಮ ರೈತರು ಬದುವಿನ ಮೇಲೆ ಓಡಾಡುತ್ತಾರೆ, ಬೆಳಗಾದರೆ ಬಿಸಿಲು ಸಿಗುತ್ತದೆ, ಅಷ್ಟರ ಮಟ್ಟಿಗೆ ಪುಣ್ಯ.

ಕಾಕಾ ಎಷ್ಟೋ ವರ್ಷಗಳಿಂದ ಹೀಗೆ ನೀರು ಹಾಯಿಸಿದವರು. ಒಂದು ಚಳಿಗಾಲ ಅವರ ನಡಿಗೆ ಬದಲಾಯಿತು. ಮನೆಯಿಂದ ಹೊರಟರೆ ಹಣಮಪ್ಪನ ಗುಡಿಯ ಕಟ್ಟೆಗೆ ಬಂದು ನಿಲ್ಲುತ್ತಿದ್ದರು. ಯಾರಾದರೂ ಸಿಕ್ಕರೆ ಮಾತಾಡುತ್ತಿದ್ದರು. ಯಾರೂ ಇರದಿದ್ದರೂ ನಿಲ್ಲುತ್ತಿದ್ದರು. ಆಮೇಲೆ ಮುಂದೆ ಹೋಗಿ ಹಿಟ್ಟಿನ ಗಿರಣಿಯ ಹತ್ತಿರ ಮತ್ತೆ ನಿಲ್ಲುತ್ತಿದ್ದರು. ಎಡಗಾಲಿನ ಮೀನಖಂಡ ಹಿಂಡಿದಂತೆ ಆಗುತ್ತದೆ, ನಿಂತರೆ ಎರಡು-ಮೂರು ನಿಮಿಷದಲ್ಲಿ ಹೋಗುತ್ತದೆ ಅಂತ ನಾನು ಕೇಳಿದ ಮೇಲೆ ಹೇಳಿದರು. ವಯಸ್ಸಾಯಿತು ಅಂತ ಮನೆಯವರೆಲ್ಲ ಅಂದುಕೊಂಡಿದ್ದರು.

ರಾತ್ರಿಯ ಸಂಗತಿ ಇನ್ನೂ ವಿಚಿತ್ರವಾಗಿತ್ತು. ಹೊರಸಿನ ಮೇಲೆ ಮಲಗಿದವರು ಮೈಯೆಲ್ಲ ಕೌದಿ ಹೊದ್ದು ಎಡಗಾಲನ್ನು ಮಾತ್ರ ಹೊರಗೆ, ಕೆಳಕ್ಕೆ ಇಳಿಬಿಡುತ್ತಿದ್ದರು. ಅಷ್ಟು ಚಳಿಯಲ್ಲಿ!

“ಕಾಕಾ, ಕಾಲು ಒಳಗ ತಗೋರಿ, ಥಂಡಿ ಐತಿ” ಅಂದೆ.

“ಒಳಗ ಇಟ್ರ ಜಗ್ಗತೈತಿ ತಂಗಿ. ಕೆಳಗ ಬಿಟ್ರ ಸ್ವಲ್ಪ ಹಗರ ಅನಸ್ತೈತಿ. ಬ್ಯಾಸಗಿ ಬಂದ್ರ ತಾನ ಹೋಗತೈತಿ ಬಿಡು.”

ಅವರ ಕಾಲು ಮುಟ್ಟಿ ನೋಡಿದೆ. ಬಲಗಾಲು ತಣ್ಣಗಿತ್ತು, ನನ್ನ ಕಾಲಿನ ಹಾಗೆಯೇ. ಎಡಗಾಲಿನ ಥಂಡಿ ಬೇರೆಯೇ ಇತ್ತು. ಮೊಣಕಾಲಿನ ಕೆಳಗಿನಿಂದಲೇ ಇಳಿಯುತ್ತ ಹೋಗಿ ಬೆರಳಿನ ಹತ್ತಿರ ಕಲ್ಲಿನಷ್ಟು ತಣ್ಣಗಿತ್ತು. ಆ ಕಾಲಿನ ಬೆರಳುಗಳ ಮೇಲೆ ಕೂದಲು ಉದುರಿದ್ದವು. ಚರ್ಮ ನುಣ್ಣಗೆ ಹೊಳೆಯುತ್ತಿತ್ತು. ಕಿರುಬೆರಳಿನ ಪಕ್ಕ ಒಂದು ಸಣ್ಣ ಗಾಯ, ಕಬ್ಬಿನ ಕೂಳೆ ತಾಗಿದ್ದು. ದೀಪಾವಳಿಯಲ್ಲಿ ಆದದ್ದು ಸಂಕ್ರಾಂತಿ ಬಂದರೂ ಮಾಯ್ದಿರಲಿಲ್ಲ.

ಚಳಿ ಎರಡೂ ಕಾಲಿಗೆ ಒಂದೇ ಅಲ್ವಾ? ಹಾಗಿದ್ದರೆ ಒಂದೇ ಕಾಲು ಯಾಕೆ ಇಷ್ಟು ತಣ್ಣಗಿದೆ? ಈ ಪ್ರಶ್ನೆ ಕೇಳಲು ಓದು ಬೇಕಾಗಿಲ್ಲ, ಯಂತ್ರ ಬೇಕಾಗಿಲ್ಲ. ಎರಡು ಕೈ ಇದ್ದರೆ ಸಾಕು. ನಾನು ಇಡೀ ಬರಹದಲ್ಲಿ ಹೇಳಬೇಕೆಂದಿರುವುದು ಇದನ್ನೇ.

ಮೊದಲು ಹತ್ತಿರದ ಊರಿನ ಒಂದು ದವಾಖಾನೆಗೆ ಹೋಗಿದ್ದರಂತೆ. ಅಲ್ಲಿ ನೋವಿನ ಗುಳಿಗೆ, ಶಕ್ತಿಗೆ ಅಂತ ಒಂದು ಸೂಜಿ ಕೊಟ್ಟು ಕಳಿಸಿದ್ದರು. ಧೋತರ ಮೇಲೆತ್ತಿ ಕಾಲು ನೋಡಿರಲೇ ಇಲ್ಲ. ನನಗೆ ಇದರ ಸಿಟ್ಟು ಇನ್ನೂ ಹೋಗಿಲ್ಲ. ಕಾಲು ನೋವು ಅಂತ ಬಂದವರ ಕಾಲು ಮುಟ್ಟದೆ ಹೇಗೆ ಕಳಿಸುತ್ತಾರೆ?

ವಿಜಯಪುರದ ವೈದ್ಯರು ಮಾಡಿದ ಪರೀಕ್ಷೆ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಕಾಕಾನನ್ನು ಅಂಗಾತ ಮಲಗಿಸಿ ಎರಡೂ ಕಾಲು ಮೇಲೆತ್ತಿ ಹಿಡಿದರು. ಒಂದು ನಿಮಿಷದೊಳಗೆ ಎಡ ಅಂಗಾಲು ಬಿಳುಪೇರಿತು. ಆಮೇಲೆ ಎದ್ದು ಕೂರಿಸಿ ಕಾಲು ಇಳಿಬಿಡಲು ಹೇಳಿದರು. ಅದೇ ಕಾಲು ನಿಧಾನವಾಗಿ ಕೆಂಪಾಯಿತು, ಸಹಜಕ್ಕಿಂತ ಜಾಸ್ತಿ ಕಡುಕೆಂಪು. ರಕ್ತ ಒತ್ತಡದಿಂದ ಬರುತ್ತಿಲ್ಲ, ಬರೀ ಇಳಿಜಾರಿಗೆ ಬರುತ್ತಿದೆ ಅಂತ ಅವರು ಹೇಳಿದಾಗ ಹೊರಸಿನಿಂದ ಇಳಿಬಿಟ್ಟ ಕಾಲಿನ ಅರ್ಥ ನನಗೆ ತಿಳಿಯಿತು. ಮಲಗಿದಾಗ ರಕ್ತ ಪಾದಕ್ಕೆ ಮುಟ್ಟುತ್ತಿರಲಿಲ್ಲ. ಕೆಳಗೆ ಬಿಟ್ಟರೆ ಭೂಮಿಯ ಸೆಳೆತಕ್ಕೆ ಸ್ವಲ್ಪ ಇಳಿದು ಹೋಗುತ್ತಿತ್ತು. ಕಾಕಾನ ದೇಹ ತನಗೆ ತಾನೇ ಔಷಧ ಕಂಡುಕೊಂಡಿತ್ತು.

ಆಮೇಲೆ ತೊಡೆಯ ಸಂದಿ, ಮೊಣಕಾಲಿನ ಹಿಂದೆ, ಕಾಲಹರಡಿನ ಒಳಮಗ್ಗುಲು, ಪಾದದ ಮೇಲ್ಭಾಗ ಹೀಗೆ ಒಂದೊಂದು ಕಡೆ ನಾಡಿ ಹುಡುಕಿದರು. ಕೊನೆಗೆ ತೋಳಿಗೂ ಕಾಲಹರಡಿಗೂ ಬಿಪಿ ಪಟ್ಟಿ ಕಟ್ಟಿ, ಡಾಪ್ಲರ್ ಅನ್ನುವ ಸಣ್ಣ ಉಪಕರಣದಿಂದ ರಕ್ತದ ಸದ್ದು ಕೇಳುತ್ತ ಒತ್ತಡ ಅಳೆದರು. ಕಾಲಿನ ಒತ್ತಡವನ್ನು ತೋಳಿನ ಒತ್ತಡದಿಂದ ಭಾಗಿಸಿದರೆ 1ರಿಂದ 1.4ರ ಒಳಗೆ ಬರಬೇಕು. 0.9ಕ್ಕಿಂತ ಕಡಿಮೆ ಬಂದರೆ ಕಾಲಿನ ಅಪಧಮನಿ ಕಟ್ಟಿಕೊಂಡಿದೆ ಅಂತ ಲೆಕ್ಕ. ಸಕ್ಕರೆ ಕಾಯಿಲೆ ಬಹಳ ದಿನದಿಂದ ಇದ್ದವರಲ್ಲಿ ನಾಳ ಗಟ್ಟಿಯಾಗಿ ಕೆಲವೊಮ್ಮೆ 1.4ಕ್ಕಿಂತ ಜಾಸ್ತಿ ಬರುತ್ತದೆ, ಅದೂ ಒಳ್ಳೆಯದಲ್ಲ. ಕಾಕಾನ ಎಡಗಾಲಿನದು ಅರ್ಧದ ಹತ್ತಿರ ಇತ್ತು. ಇಷ್ಟು ಸರಳವಾದ, ಸೂಜಿ ಚುಚ್ಚದ, ನೋವಿಲ್ಲದ ಪರೀಕ್ಷೆ ತಾಲೂಕಿಗೊಂದು ಕಡೆಯಾದರೂ ಸುಲಭವಾಗಿ ಸಿಗಬೇಕು ಅಂತ ನನ್ನ ಆಸೆ.

“ಬೀಡಿ ಎಷ್ಟು ಸೇದುತ್ತೀರಿ?” ಅಂತ ವೈದ್ಯರು ಕೇಳಿದರು.

“ದಿನಾ ಒಂದು ಕಟ್ಟು ರೀ. ನೀರು ಬಿಡೂ ರಾತ್ರಿ ಒಂದೀಟು ಜಾಸ್ತಿ. ಥಂಡಿಗೆ ಮೈ ಬೆಚ್ಚಗ ಆಗತೈತಿ.”

ಇಡೀ ಕಥೆಯಲ್ಲಿ ನನ್ನ ಕರುಳು ಹಿಂಡಿದ ಮಾತು ಇದು. ಬೀಡಿಯ ಹೊಗೆ ಎದೆಗೆ ಬೆಚ್ಚಗೆ ಅನಿಸುತ್ತದೆ, ಸುಳ್ಳಲ್ಲ. ನಿಕೋಟಿನ್ ಮಾತ್ರ ಕೈಕಾಲಿನ ರಕ್ತನಾಳಗಳನ್ನು ಬಿಗಿಗೊಳಿಸುತ್ತದೆ. ಚಳಿ ಮಾಡುವ ಕೆಲಸವನ್ನೇ ಅದೂ ಮಾಡುತ್ತದೆ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿಯುತ್ತದೆ. ಹೀಗೆ ತಣ್ಣೀರಲ್ಲಿ ನಿಂತ ಕಾಲಿಗೆ ಬರುವ ರಕ್ತವೂ ಕಡಿಮೆ, ಬಂದ ರಕ್ತದಲ್ಲಿ ಆಮ್ಲಜನಕವೂ ಕಡಿಮೆ. ವರ್ಷಗಟ್ಟಲೆ ಸೇದಿದರೆ ಅಪಧಮನಿಯ ಒಳಗೋಡೆ ಹಾಳಾಗಿ ಕೊಬ್ಬು ಕಟ್ಟುತ್ತದೆ. ಬೆಚ್ಚಗಾಗಲಿ ಅಂತ ಸೇದಿದ ಒಂದೊಂದು ಬೀಡಿಯೂ ಕಾಲನ್ನು ಇನ್ನಷ್ಟು ತಣ್ಣಗೆ ಮಾಡಿತ್ತು.

ಬೀಡಿಯ ಇನ್ನೊಂದು ಕೆಡುಕು ಇದಕ್ಕಿಂತ ಕ್ರೂರ. ಅದು ಹರೆಯದವರನ್ನು ಹಿಡಿಯುತ್ತದೆ. 1879ರಲ್ಲಿ ಫೆಲಿಕ್ಸ್ ಫಾನ್ ವಿನಿವಾರ್ಟರ್ ಅನ್ನುವ ವೈದ್ಯ ಮೊದಲು ಬರೆದಿದ್ದ ಈ ರೋಗವನ್ನು 1908ರಲ್ಲಿ ನ್ಯೂಯಾರ್ಕಿನ ಲಿಯೋ ಬರ್ಗರ್ ವಿವರವಾಗಿ ಗುರುತಿಸಿದರು. ಅವರ ಹೆಸರೇ ರೋಗಕ್ಕೆ ಉಳಿಯಿತು. 45ರ ಒಳಗಿನ, ತಂಬಾಕು ಬಳಸುವ ಗಂಡಸರಲ್ಲಿ ಇದು ಜಾಸ್ತಿ. ಕೈಕಾಲಿನ ಸಣ್ಣ ನಾಳಗಳು ಉರಿಯೂತದಿಂದ ಕಟ್ಟಿಕೊಳ್ಳುತ್ತವೆ. ಬೆರಳು ಕಪ್ಪಾಗುತ್ತವೆ. ತಂಬಾಕು ಪೂರ್ತಿ ಬಿಟ್ಟವರಲ್ಲಿ ಹೆಚ್ಚಿನವರ ಕಾಲು ಉಳಿಯುತ್ತದೆ, ಬಿಡದವರಲ್ಲಿ ಕತ್ತರಿಸುವುದು ಬೆರಳಿನಿಂದ ಪಾದಕ್ಕೆ, ಪಾದದಿಂದ ಮೇಲಕ್ಕೆ ಹೋಗುತ್ತದೆ. ಭಾರತದಲ್ಲಿ ಬೀಡಿ ಸೇದುವ ಬಡವರಲ್ಲಿ ಇದನ್ನು ವೈದ್ಯರು ಬಹಳ ಕಾಲದಿಂದ ನೋಡುತ್ತ ಬಂದಿದ್ದಾರೆ.

ಇದನ್ನು ಬೆಳಗಾವಿ ಸೀಮೆಯಲ್ಲಿ ಹೇಳುವುದು ಸುಲಭವಲ್ಲ. ನಿಪ್ಪಾಣಿ ಬೀಡಿ ತಂಬಾಕಿಗೆ ಹೆಸರಾದ ಊರು. ಅಲ್ಲಿಯ ಎಷ್ಟೋ ಹೆಣ್ಣುಮಕ್ಕಳು ಬೀಡಿ ಕಟ್ಟಿ, ತಂಬಾಕಿನ ವಖಾರಿಯಲ್ಲಿ ದುಡಿದು ಮಕ್ಕಳನ್ನು ಓದಿಸಿದ್ದಾರೆ. 1981ರಲ್ಲಿ ತಂಬಾಕಿಗೆ ನ್ಯಾಯದ ಬೆಲೆ ಕೇಳಿ ರೈತರು ಅಲ್ಲಿ ರಸ್ತೆಗಿಳಿದರು, ಪೊಲೀಸರ ಗುಂಡಿಗೆ ಜೀವ ಕೊಟ್ಟರು. ಆ ಬೆಳೆಯ ಹಿಂದೆ ಇಷ್ಟೆಲ್ಲ ಬೆವರು, ರಕ್ತ ಇದೆ ಅನ್ನುವುದು ನನಗೆ ಗೊತ್ತು. ಆದರೂ ಅದೇ ಎಲೆ ನಮ್ಮ ಮನೆಯವರ ಕಾಲು ತಿನ್ನುತ್ತಿದೆ ಅನ್ನುವುದನ್ನು ಮುಚ್ಚಿಡಲು ಮನಸ್ಸು ಒಪ್ಪುವುದಿಲ್ಲ.

ಕಾಕಾ ಬೀಡಿ ಬಿಟ್ಟರು. ಒಮ್ಮೆಲೇ ಅಲ್ಲ. ಮೊದಲು ಬೀಡಿಯ ಬದಲು ತಂಬಾಕು-ಸುಣ್ಣ ತಿಕ್ಕಿ ಬಾಯಿಗೆ ಹಾಕಿಕೊಂಡರು. ಅದರಲ್ಲೂ ನಿಕೋಟಿನ್ ಇದೆ, ಅದೂ ನಡೆಯುವುದಿಲ್ಲ ಅಂತ ವೈದ್ಯರು ಕಟ್ಟುನಿಟ್ಟಾಗಿ ಹೇಳಿದರು. ತಂಬಾಕು ಬಿಡುವವರಿಗೆ ನೆರವಾಗಲು ಸರ್ಕಾರದ 1800-11-2356 ಅನ್ನುವ ಉಚಿತ ಫೋನ್ ನಂಬರ್ ಇದೆ. ಕನ್ನಡದಲ್ಲೂ ಮಾತಾಡಬಹುದು. ಕಾಕಿ ಒಂದು ಡಬ್ಬಿಯಲ್ಲಿ ಹುರಿದ ಶೇಂಗಾ, ಇನ್ನೊಂದರಲ್ಲಿ ಸೋಂಪು ತುಂಬಿ ಅವರ ಅಂಗಿಯ ಕಿಸೆಗೆ ಹಾಕಿ ಕಳಿಸುತ್ತಿದ್ದರು. ಬೀಡಿ ಬಿಟ್ಟದ್ದು ಯಾವುದರಿಂದ ಅಂತ ಒಂದನ್ನೇ ತೋರಿಸಿ ಹೇಳಲಾರೆ. ಎಲ್ಲ ಸೇರಿ ಆಯಿತು.

ಚಿಕಿತ್ಸೆಯ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಆಸ್ಪಿರಿನ್, ಕೊಲೆಸ್ಟ್ರಾಲಿನ ಗುಳಿಗೆ ಶುರುವಾದವು. ತೊಡೆಯ ನಾಳದಲ್ಲಿ ಬಲೂನು ಹಾಕಿ ದಾರಿ ಬಿಡಿಸಿದರು. ಕಿರುಬೆರಳಿನ ತುದಿ ಹೋಯಿತು, ಕಾಲು ಉಳಿಯಿತು. ಗಾಯ ಮಾಯ್ದ ಮೇಲೆ ನಡಿಗೆಯೇ ಔಷಧ ಅಂದರು. ಮೀನಖಂಡ ಹಿಡಿಯುವವರೆಗೆ ನಡೆಯುವುದು, ನಿಲ್ಲುವುದು, ನೋವು ಹೋದ ಮೇಲೆ ಮತ್ತೆ ನಡೆಯುವುದು. ದಿನಕ್ಕೆ 30ರಿಂದ 45 ನಿಮಿಷ, ವಾರಕ್ಕೆ ಕನಿಷ್ಠ 3 ದಿನ, ಕನಿಷ್ಠ 12 ವಾರ. ನೋವು ಬಂದರೆ ಹೆದರಿ ಕೂತುಬಿಡಬಾರದು. ಹೀಗೆ ನಡೆದವರಲ್ಲಿ ಸ್ನಾಯುಗಳು ಸಿಕ್ಕ ಆಮ್ಲಜನಕವನ್ನೇ ಚೆನ್ನಾಗಿ ಬಳಸಲು ಕಲಿಯುತ್ತವೆ, ನಡೆಯುವ ದೂರ ಹೆಚ್ಚುತ್ತದೆ. ಕಾಕಾ ಈಗ ಗುಡಿ ಕಟ್ಟೆಯನ್ನು ದಾಟಿ, ಗಿರಣಿಯನ್ನೂ ದಾಟಿ ಹೋಗುತ್ತಾರೆ.

ಹೆಂಗಸರ ಕಾಲಿನ ಮಾತು ಬೇರೆಯೇ ಇದೆ. ನಮ್ಮ ಅವ್ವನ ಕಾಲು ಚಳಿಯಲ್ಲಿ ಯಾವಾಗಲೂ ತಣ್ಣಗೆ, ಎರಡೂ. ಅವಳಿಗೆ ರಕ್ತ ಕಡಿಮೆ ಇತ್ತು. ರಕ್ತಹೀನತೆ, ಥೈರಾಯ್ಡ್ ಕಡಿಮೆ ಇರುವುದು, ಬಿಪಿಗೆ ಕೊಡುವ ಕೆಲವು ಗುಳಿಗೆಗಳು, ಇವೆಲ್ಲ ಕಾಲು ತಣ್ಣಗಾಗಲು ಕಾರಣ ಆಗುತ್ತವೆ. ಕಬ್ಬಿಣದ ಗುಳಿಗೆ ತಗೊಂಡ ಮೇಲೆ ಅವ್ವನಿಗೆ ಎಷ್ಟೋ ಹಗುರಾಯಿತು. ಬೆಳಗಾವಿಯ ನನ್ನ ಗೆಳತಿಯೊಬ್ಬಳಿಗೆ ಬೆಳಿಗ್ಗೆ ತಣ್ಣೀರಲ್ಲಿ ಪಾತ್ರೆ ತೊಳೆದರೆ ಬೆರಳು ಮೊದಲು ಬೆಳ್ಳಗೆ, ಆಮೇಲೆ ನೀಲಿ, ಬೆಚ್ಚಗಾಗುವಾಗ ಕೆಂಪು. ಕಾಲಿನ ಬೆರಳೂ ಹಾಗೇ. ಮಾರಿಸ್ ರೇನೋ ಅನ್ನುವ ಫ್ರೆಂಚ್ ವೈದ್ಯ 1862ರಲ್ಲಿ ಇದನ್ನು ಬರೆದ. ಹೆಂಗಸರಲ್ಲೇ ಜಾಸ್ತಿ. ಹೆಚ್ಚಿನವರಿಗೆ ಇದರಿಂದ ದೊಡ್ಡ ತೊಂದರೆ ಇಲ್ಲ. ಕೆಲವರಲ್ಲಿ ಇದರ ಹಿಂದೆ ಬೇರೆ ರೋಗ ಇರಬಹುದು, ಅದಕ್ಕೇ ಒಮ್ಮೆ ತೋರಿಸಿಕೊಳ್ಳಬೇಕು. “ಏನೂ ಇಲ್ಲ, ಥಂಡಿ ನೀರು” ಅಂತ ಮನೆಯವರು ಅವಳ ಬಾಯಿ ಮುಚ್ಚಿಸಿದ್ದರು. ಹೆಂಗಸರ ಕಾಲು ನೋಡಲು ಮನೆಯಲ್ಲಿ ಯಾರಿಗೂ ಪುರುಸೊತ್ತು ಇರುವುದಿಲ್ಲ, ಅವರಿಗೇ ಇರುವುದಿಲ್ಲ.

ನೇಕಾರರ ಕಾಲೂ ನನಗೆ ನೆನಪಾಗುತ್ತದೆ. ಇಳಕಲ್, ಗುಳೇದಗುಡ್ಡದ ಕುಣಿ ಮಗ್ಗದಲ್ಲಿ ಕೂತವರ ಕಾಲು ನೆಲಕ್ಕಿಂತ ಕೆಳಗೆ, ತಗ್ಗಿನಲ್ಲಿ ಇರುತ್ತವೆ. ಅಲ್ಲಿಯ ತೇವ ನೂಲಿಗೆ ಒಳ್ಳೆಯದು. ಚಳಿಯಲ್ಲಿ ಪಾದಕ್ಕೆ ಅಷ್ಟು ಒಳ್ಳೆಯದಲ್ಲ. ತುಳಿಯುವ ಕೆಲಸದಿಂದ ಮೀನಖಂಡ ಆಡುತ್ತಲೇ ಇರುತ್ತದೆ, ಅದೊಂದು ಸಮಾಧಾನ. ಒಂದು ಜೊತೆ ಉಣ್ಣೆಯ ಕಾಲುಚೀಲ ಆ ತಗ್ಗಿಗೆ ಎಷ್ಟು ಬೇಕಾಗಿದೆ ಅನಿಸುತ್ತದೆ.

ಇನ್ನು ಬೆಂಕಿ ಮತ್ತು ಬಿಸಿನೀರು. ಕಾಲು ತಣ್ಣಗಿದ್ದರೆ ಬೆಂಕಿಗೆ ಹಿಡಿಯುವುದು ನಮ್ಮೆಲ್ಲರ ಮನೆಯ ರೂಢಿ. ಸಕ್ಕರೆ ಕಾಯಿಲೆ ಇದ್ದವರ ಮನೆಯಲ್ಲಿ ಈ ರೂಢಿ ಇಂದೇ ನಿಲ್ಲಬೇಕು. ನಮ್ಮ ಅತ್ತೆಗೆ ಹದಿನೈದು ವರ್ಷಗಳಿಂದ ಶುಗರ್ ಇದೆ. ಕಾಲು ಕೊರೆಯುತ್ತದೆ ಅಂತ ಒಂದು ರಾತ್ರಿ ಬಿಸಿನೀರಿನ ಚೀಲದ ಮೇಲೆ ಕಾಲಿಟ್ಟು ಮಲಗಿದರು. ಬೆಳಿಗ್ಗೆ ನೋಡಿದರೆ ಅಂಗಾಲು ತುಂಬಾ ಬೊಕ್ಕೆ. ರಾತ್ರಿ ಸುಟ್ಟದ್ದು ಅವರಿಗೆ ತಿಳಿದೇ ಇರಲಿಲ್ಲ. ಸಕ್ಕರೆಯಿಂದ ನರಗಳು ಸೋತಾಗ ಬಿಸಿ, ನೋವು ಗೊತ್ತಾಗುವುದಿಲ್ಲ. ಇನ್ನೂ ಒಂದು ಮೋಸ ಇದೆ. ಇಂಥವರಿಗೆ ಕಾಲು ಕೊರೆಯುತ್ತಿದೆ ಅನಿಸುತ್ತದೆ, ಮುಟ್ಟಿ ನೋಡಿದರೆ ಕಾಲು ಬೆಚ್ಚಗೇ ಇರುತ್ತದೆ. ಅಲ್ಲಿ ಕೆಟ್ಟಿರುವುದು ನರ, ಬಿಸಿ ಮಾಡಿ ಉಪಯೋಗವಿಲ್ಲ. ವೈದ್ಯರು 10 ಗ್ರಾಂ ಒತ್ತಡಕ್ಕೆ ಬಾಗುವ ಒಂದು ನೈಲಾನ್ ಎಳೆಯನ್ನು ಅಂಗಾಲಿಗೆ ಒತ್ತಿ ಸ್ಪರ್ಶ ತಿಳಿಯುತ್ತದೆಯಾ ಅಂತ ನೋಡುತ್ತಾರೆ. ಶುಗರ್ ಇದ್ದವರು ವರ್ಷಕ್ಕೊಮ್ಮೆ ಇದನ್ನು ಕೇಳಿ ಮಾಡಿಸಿಕೊಳ್ಳಿ.

ಬೆಂಕಿಯ ಬದಲು ಕಾಲನ್ನು ಪೂರ್ತಿ ಒರೆಸಿ, ಬೆರಳ ಸಂದಿಯನ್ನೂ ಒರೆಸಿ, ಸಡಿಲವಾದ ಕಾಲುಚೀಲ ಹಾಕುವುದು ಒಳ್ಳೆಯದು. ಬಿಗಿಯಾದದ್ದು ಇದ್ದ ರಕ್ತವನ್ನೂ ತಡೆಯುತ್ತದೆ. ಹೊಟ್ಟೆ, ಎದೆ, ತಲೆ ಬೆಚ್ಚಗಿಡಬೇಕು, ನಡುಭಾಗಕ್ಕೆ ಚಳಿ ಇಲ್ಲ ಅಂತ ಗೊತ್ತಾದರೆ ದೇಹ ತಾನೇ ಪಾದಕ್ಕೆ ರಕ್ತ ಬಿಡುತ್ತದೆ. ಕುಸುಬಿ ಎಣ್ಣೆಯನ್ನೋ ಕೊಬ್ಬರಿ ಎಣ್ಣೆಯನ್ನೋ ಹಿಮ್ಮಡಿಗೆ ಹಚ್ಚಿದರೆ ಚರ್ಮ ಒಡೆಯುವುದಿಲ್ಲ. ಕಟ್ಟಿದ ನಾಳ ಮಾತ್ರ ಯಾವ ಎಣ್ಣೆಗೂ ಬಿಡುವುದಿಲ್ಲ. ರಾತ್ರಿ ನೀರು ಹಾಯಿಸಲು ಹೋಗುವವರು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಒಣ ಟವೆಲ್, ಒಣ ಕಾಲುಚೀಲ, ಚಪ್ಪಲಿ ಇಟ್ಟುಕೊಂಡು ಹೋಗಲಿ. ಸಾಲು ತುಂಬುವವರೆಗೆ ಬದುವಿನ ಮೇಲೆ ಬಂದು ಕಾಲು ಒರೆಸಿಕೊಳ್ಳಲಿ. ಹಗಲು ಹೊತ್ತಿನಲ್ಲೇ ತ್ರೀ ಫೇಸ್ ಕೊಡಿ ಅಂತ ರೈತರು ಕೇಳುವಾಗ ಹಾವು, ಚೇಳಿನ ಭಯ ಹೇಳುತ್ತಾರೆ. ಅದರ ಜೊತೆ ಈ ಕಾಲಿನ ಮಾತನ್ನೂ ಸೇರಿಸಬೇಕು. 2019ರಲ್ಲಿ ಶುರುವಾದ ಕುಸುಮ್ ಯೋಜನೆಯಲ್ಲಿ ಸೌರ ವಿದ್ಯುತ್ತಿನಿಂದ ಪಂಪ್‌ಸೆಟ್ ನಡೆಸುವ ದಾರಿ ಇದೆ. ಸೌರ ಅಂದರೆ ಹಗಲಿನ ಕರೆಂಟು. ಅದು ಎಲ್ಲ ಹೊಲಕ್ಕೂ ಬೇಗ ಮುಟ್ಟಲಿ.

ಸಂಕ್ರಾಂತಿಗೆ ಕುಸುರೆಳ್ಳು ಕೊಟ್ಟು ಹಿರಿಯರ ಕಾಲಿಗೆ ನಮಸ್ಕಾರ ಮಾಡುತ್ತೇವಲ್ಲ, ಅದು ಸರಿಯಾಗಿ ಚಳಿಯ ನಡುವೆ ಬರುತ್ತದೆ. ವಿಜಯಪುರದಲ್ಲಿ ಸಿದ್ದೇಶ್ವರ ಜಾತ್ರೆಯ ಹೊತ್ತು, ಮನೆ ತುಂಬಾ ನೆಂಟರು. ನಮಸ್ಕಾರಕ್ಕೆ ಬಾಗಿದಾಗ ಎರಡೂ ಅಂಗೈ ಎರಡೂ ಪಾದದ ಮೇಲೆ ಒಂದು ಕ್ಷಣ ಇಡಿ. ಎರಡರ ಶಾಖ ಒಂದೇ ಇದೆಯಾ ನೋಡಿ. ಆಮೇಲೆ ಪಕ್ಕ ಕೂತು ಪಾದದ ಮೇಲೆ, ಹೆಬ್ಬೆರಳು ಮತ್ತು ಎರಡನೇ ಬೆರಳಿನ ನಡುವಿನ ಗೆರೆಯಲ್ಲಿ ಸ್ವಲ್ಪ ಮೇಲಕ್ಕೆ ಹೋಗಿ ಹಗುರಾಗಿ ಬೆರಳಿಟ್ಟರೆ ನಾಡಿ ಸಿಗುತ್ತದೆ. ಇನ್ನೊಂದು ನಾಡಿ ಕಾಲಹರಡಿನ ಒಳಮಗ್ಗುಲ ಗಂಟಿನ ಹಿಂದೆ ಇದೆ. ಪಾದದ ಮೇಲಿನದು ಕೆಲವರಲ್ಲಿ ಹುಟ್ಟಿನಿಂದಲೇ ಸಿಗುವುದಿಲ್ಲ, ಅದೊಂದಕ್ಕೇ ಗಾಬರಿಯಾಗಬೇಡಿ. ಎರಡೂ ಸಿಗದೆ, ಆ ಕಾಲು ಇನ್ನೊಂದಕ್ಕಿಂತ ತಣ್ಣಗಿದ್ದು, ನಡೆದರೆ ಮೀನಖಂಡ ಹಿಡಿಯುತ್ತದೆ ಅಂದರೆ, ಇಲ್ಲವೇ ಎರಡು ವಾರವಾದರೂ ಮಾಯದ ಗಾಯ ಇದ್ದರೆ ಜಾತ್ರೆ ಮುಗಿಯಲಿ ಅಂತ ಕಾಯಬೇಡಿ.

ಒಂದು ಪರಿಸ್ಥಿತಿಯಲ್ಲಿ ಮಾತ್ರ ದಿನ, ವಾರದ ಮಾತೇ ಇಲ್ಲ. ಚೆನ್ನಾಗಿದ್ದ ಕಾಲು ಇದ್ದಕ್ಕಿದ್ದಂತೆ ವಿಪರೀತ ನೋಯತೊಡಗಿ, ಬಿಳಿಚಿಕೊಂಡು, ತಣ್ಣಗಾಗಿ, ಬೆರಳು ಆಡಿಸಲು ಬಾರದೆ ಹೋದರೆ ಹೆಪ್ಪುಗಟ್ಟಿದ ರಕ್ತ ಬಂದು ನಾಳ ಮುಚ್ಚಿದೆ ಅಂತಲೇ ತಿಳಿಯಬೇಕು. ಸುಮಾರು 6 ತಾಸಿನೊಳಗೆ ರಕ್ತ ಮತ್ತೆ ಹರಿಯದಿದ್ದರೆ ಕಾಲು ಉಳಿಯುವುದು ಕಷ್ಟ. ಆಗ ತಿಕ್ಕುವುದು, ಎಣ್ಣೆ ಹಚ್ಚುವುದು, ಬೆಂಕಿಗೆ ಹಿಡಿಯುವುದು, ಕಾಲು ಎತ್ತರಕ್ಕೆ ಇಡುವುದು ಯಾವುದೂ ಬೇಡ. 108ಕ್ಕೆ ಫೋನ್ ಮಾಡಿ. ರಕ್ತನಾಳದ ಆಪರೇಷನ್ ಮಾಡುವ ಆಸ್ಪತ್ರೆಗೇ ನೇರವಾಗಿ ಹೋಗಬೇಕು, ಇಲ್ಲದಿದ್ದರೆ ಊರಿಂದ ಊರಿಗೆ ಕಳಿಸುವುದರಲ್ಲೇ ಆ 6 ತಾಸು ಮುಗಿಯುತ್ತದೆ. ನಿಮ್ಮ ಊರಿಗೆ ಹತ್ತಿರ ಅಂಥದ್ದು ಎಲ್ಲಿದೆ, ರಾತ್ರಿಯೂ ನೋಡುತ್ತಾರಾ ಅಂತ ಈ ವಾರವೇ ಕೇಳಿಟ್ಟುಕೊಳ್ಳಿ.